ರೈಲಿಗೆಷ್ಟೋ ತಲೆಗಷ್ಟೇ

ಸ್ಟೇಷನ್ನಿನ ಎರಡನೇ ಗೇಟಿನ ಎದುರಿಗಿದ್ದ ಆ ಕ್ಷೌರದಂಗಡಿಗೆ ಹೆಸರು ಅಂತ ಇರಲಿಲ್ಲ. ಬಾಗಿಲ ಮೇಲಿನ ಹಸಿರು ತಗಡಿನಲ್ಲಿ ಒಂದೇ ಸಾಲು ಬರೆದಿತ್ತು: ‘ಪಟ್ಟಣಕ್ಕೆ ರೈಲಿಗೆಷ್ಟೋ ತಲೆಗಷ್ಟೇ.’

ಬರೆಸಿದವನು ಈಗಿನ ಕ್ಷೌರಿಕನ ಮಾವ. ಅವನ ಕಾಲದಲ್ಲಿ ಊರಿನ ಶೋಕಿ ಗಂಡಸರೆಲ್ಲ ರೈಲು ಹತ್ತಿ ಪಟ್ಟಣಕ್ಕೆ ಹೋಗಿ, ಆಳೆತ್ತರದ ಕನ್ನಡಿಯ ಮುಂದೆ ಕೂತು ಕಟಿಂಗ್ ಮಾಡಿಸಿಕೊಂಡು ಬರುತ್ತಿದ್ದರು. ಮಾವ ಅವರನ್ನು ಗೇಟಿನ ಹತ್ತಿರವೇ ಅಡ್ಡ ಹಾಕಿ, "ಹೋಗೋ ಟಿಕೆಟ್ಟಿನ ದುಡ್ಡು ನನಗೆ ಕೊಡಿ, ತಲೆ ನಾನು ನೋಡ್ಕೋತೀನಿ. ಬರೋ ಟಿಕೆಟ್ಟು, ಅಲ್ಲಿಯ ಕಟಿಂಗು ಎರಡೂ ನಿಮಗೆ ಉಳೀತು" ಅನ್ನುತ್ತಿದ್ದ. ಲೆಕ್ಕದಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಒಬ್ಬೊಬ್ಬರೇ ಗೇಟಿನಿಂದ ಹಿಂದಿರುಗಿ ಅಂಗಡಿಯೊಳಗೆ ಬಂದು ಕೂತರು.

ಆಗ ರೈಲಿನವರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ದರ ಏರಿಸುತ್ತಿದ್ದರು. ಅಲ್ಲಿ ಏರಿದ ಮಾರನೇ ಬೆಳಿಗ್ಗೆ ಇಲ್ಲೂ ಏರುತ್ತಿತ್ತು. ಗಿರಾಕಿಗಳು ಬೈಗುಳವನ್ನು ರೈಲಿನವರಿಗೆ ಕೊಡುತ್ತಿದ್ದರು, ದುಡ್ಡನ್ನು ಮಾವನಿಗೆ ಕೊಡುತ್ತಿದ್ದರು. ನಡುವೆ ಒಂದಷ್ಟು ವರ್ಷ ರೈಲಿನ ದರ ಬ್ರೆಡ್ಡು, ಸೋಪು, ಬಟ್ಟೆ ಎಲ್ಲವನ್ನೂ ಹಿಂದೆ ಹಾಕಿ ಓಡಿತು. ಅಂಗಡಿಯ ಮೇಲೆ ಮಹಡಿ ಎದ್ದದ್ದು ಆ ವರ್ಷಗಳಲ್ಲೇ. ಮಾವ ತೀರಿಕೊಂಡ ಮೇಲೆ ಅತ್ತೆ ಮಹಡಿಯಲ್ಲಿ ಉಳಿದಳು, ಕತ್ತರಿ ಕಿರಿಯ ಅಳಿಯನ ಕೈಗೆ ಬಂತು. ಬಾಡಿಗೆ ಕೊಡಬೇಕಾಗಿರಲಿಲ್ಲ. "ಬೋರ್ಡು ಮಾತ್ರ ಹಾಗೇ ಇರಲಿ" ಅಂದಿದ್ದಳು ಅತ್ತೆ. "ಅದು ಅವರ ಮಾತು."

ಅಳಿಯ ಒಪ್ಪಿಕೊಂಡ. ಒಪ್ಪದೇ ಇರೋದಕ್ಕೆ ಆಗ ಕಾರಣವೇ ಇರಲಿಲ್ಲ.

ಅವನು ಕತ್ತರಿ ಹಿಡಿದ ವರ್ಷದಿಂದ ರೈಲಿನವರು ದರ ಏರಿಸುವುದನ್ನೇ ನಿಲ್ಲಿಸಿಬಿಟ್ಟರು. ಒಂದು ಸಲ ಚುನಾವಣೆ ಇತ್ತು. ಇನ್ನೊಂದು ಸಲ ಚುನಾವಣೆ ಆಗಷ್ಟೇ ಮುಗಿದಿತ್ತು. ಮತ್ತೊಂದು ಸಲ ಚುನಾವಣೆ ಹತ್ತಿರ ಬಂದಿತ್ತು. ಹೀಗೇ ಹನ್ನೆರಡು ವರ್ಷ ಕಳೆಯಿತು. ಈ ಅವಧಿಯಲ್ಲಿ ಬ್ಲೇಡು ಏರಿತು, ನೊರೆಯ ಸೋಪು ಏರಿತು, ಪೌಡರ್ ಏರಿತು, ಕರೆಂಟು ಏರಿತು. ಕ್ಷೌರಿಕ ಮೊದಲು ದಿನಪತ್ರಿಕೆ ನಿಲ್ಲಿಸಿದ. ಆಮೇಲೆ ಕನ್ನಡಿಯ ಮೇಲಿನ ಎರಡು ದೀಪದಲ್ಲಿ ಒಂದನ್ನು ಕಳಚಿದ. ಪೌಡರ್ ಡಬ್ಬಿಯ ತೂತುಗಳಲ್ಲಿ ಮೂರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮೇಣ ತುಂಬಿದ. ಗಿರಾಕಿ ಕತ್ತು ಬಗ್ಗಿಸಿ ಕಾಯುತ್ತಿದ್ದರೆ ಇವನು ಡಬ್ಬಿಯನ್ನು ಜೋರಾಗಿ ಕುಟ್ಟಿ ಸದ್ದು ಮಾಡುತ್ತಿದ್ದ, ಅಷ್ಟೇ.

ಇಷ್ಟಾದರೂ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಯಾಕೆಂದರೆ ಈಗ ಪಟ್ಟಣದವರೂ ಬರತೊಡಗಿದ್ದರು. ಪಟ್ಟಣದಲ್ಲಿ ಒಂದು ಕಟಿಂಗಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿಗೆ ರೈಲಿನಲ್ಲಿ ಬಂದು, ಕಟಿಂಗ್ ಮಾಡಿಸಿ, ರೈಲಿನಲ್ಲಿ ವಾಪಸ್ ಹೋದರೂ ಒಂದು ಟೀಗೆ ಮಿಗುತ್ತಿತ್ತು. ಬಂದಷ್ಟೂ ಕೆಲಸ, ಮಾಡಿದಷ್ಟೂ ನಷ್ಟ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಬೆಳಗಿನಿಂದ ಸಂಜೆಯ ತನಕ ಕ್ಷೌರಿಕ ಕೂದಲು ಕತ್ತರಿಸುತ್ತಿದ್ದ.

ಅವನ ಹೆಂಡತಿ ಬ್ರೆಡ್ಡಿನ ಅಂಗಡಿಯೊಂದರಲ್ಲಿ ಗಲ್ಲಾದ ಕೆಲಸ ಮಾಡುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಆ ಸಂಬಳದಲ್ಲಿ.

"ಅಮ್ಮನ ಹತ್ರ ನಾನೇ ಹೇಳ್ತೀನಿ ರೀ" ಅಂದಳು ಅವಳು.

"ಬೇಡ. ಅಳಿಯನಿಗೆ ಅಂಗಡಿ ನಡೆಸೋಕೆ ಬರಲಿಲ್ಲ ಅಂತಾಗುತ್ತೆ. ನಾನೇ ಕೇಳ್ತೀನಿ."

ಕೇಳಿದ ಕೂಡ. ಮಧ್ಯಾಹ್ನದ ಹೊತ್ತು ಅತ್ತೆ ದಿನವೂ ಕೆಳಗಿಳಿದು ಬಂದು ಗಿರಾಕಿಗಳ ಬೆಂಚಿನ ತುದಿಯಲ್ಲಿ ಹೆಣಿಗೆ ಹಿಡಿದು ಕೂರುತ್ತಿದ್ದಳು. ಅವಳ ಪಕ್ಕದಲ್ಲಿ ಏಳೆಂಟು ಜನ ಒತ್ತಿಕೊಂಡು ಕೂತಿದ್ದರು, ಹೊರಗೆ ಇನ್ನೂ ನಾಲ್ಕು ಜನ ನಿಂತಿದ್ದರು. ಅಂಥ ಹೊತ್ತಿನಲ್ಲಿ ಅಳಿಯ ಬಗ್ಗಿ ಮೆಲ್ಲಗೆ, "ಅತ್ತೆ, ಬೋರ್ಡಿನ ವಿಷಯ. ದರ ಸ್ವಲ್ಪ ನಾವೇ ಏರಿಸಿಕೊಳ್ಳೋಣವಾ ಅಂತ" ಅಂದ.

ಅತ್ತೆ ಬೆಂಚಿನ ಆ ತುದಿಯಿಂದ ಈ ತುದಿಯ ತನಕ ನೋಡಿದಳು. "ಇಷ್ಟು ಜನ ನಂಬ್ಕೊಂಡು ಬರ್ತಾರೆ. ಆಸೆ ಅತಿಯಾಗಬಾರದು ಅಳಿಯಂದ್ರೇ" ಅಂದು ಮತ್ತೆ ಹೆಣಿಗೆಗೆ ತಲೆ ತಗ್ಗಿಸಿದಳು.

ಅಲ್ಲಿಗೆ ಮುಗಿಯಿತು.

ಗಾಯದ ಮೇಲೆ ಬರೆ ಎಳೆಯಲು ಷಡ್ಡಕ ಇದ್ದ. ಹೆಂಡತಿಯ ಅಕ್ಕನ ಗಂಡ, ಎದುರಿನ ಸ್ಟೇಷನ್ನಿನಲ್ಲೇ ಟಿಕೆಟ್ ಕೌಂಟರಿನ ಕೆಲಸ. ಭಾನುವಾರ ಎಲ್ಲರೂ ಮಹಡಿಯಲ್ಲಿ ಒಟ್ಟಿಗೆ ಊಟ ಮಾಡುವಾಗ ಅವನದು ಒಂದೇ ಮಾತು.

"ಹನ್ನೆರಡು ವರ್ಷ ಆಯ್ತಪ್ಪ, ನಾವು ಒಂದು ಕಾಸು ಏರಿಸಿಲ್ಲ." ರೈಲಿನ ಎಂಜಿನ್ನಿಗೆ ಎಣ್ಣೆಯನ್ನು ಸ್ವಂತ ಜೇಬಿನಿಂದ ಹಾಕುತ್ತಿರುವವನ ಧಾಟಿ ಅವನದು.

"ಯಾವಾಗ ಏರಿಸ್ತೀರಿ ಭಾವ?" ಕ್ಷೌರಿಕ ಕೇಳಿದ.

"ಏರಿಸೋದೇನು ಬಂತು? ಇಳಿದಿದೆ ಅನ್ನು. ಅಂಕಿ ಅದೇ ಇದೆ, ಬೆಲೆ ಎಲ್ಲಿದೆ? ಆವತ್ತು ಒಂದು ಟಿಕೆಟ್ಟಿನ ದುಡ್ಡಲ್ಲಿ ಎರಡು ಬ್ರೆಡ್ಡು ಬರ್ತಿತ್ತು. ಇವತ್ತು ಅರ್ಧ ಬರುತ್ತೆ. ಅಂದ್ರೆ ಟಿಕೆಟ್ಟು ಕೂತಲ್ಲೇ ಕೂತು ಕಾಲು ಭಾಗ ಆಗಿದೆ. ಜನಕ್ಕೆ ಇದು ತಿಳಿಯಲ್ಲ, ಇನ್ನೂ ದುಬಾರಿ ದುಬಾರಿ ಅಂತಾರೆ."

ಕ್ಷೌರಿಕ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದ. "ಹಾಗಾದ್ರೆ ನಾನೂ ಕಾಲು ಭಾಗ ಆಗಿದ್ದೀನಿ."

"ನೀನು ಹೇಗೆ?"

"ಹಾಗೇ. ಕೂತಲ್ಲೇ ಅಲ್ಲ, ನಿಂತಲ್ಲೇ. ನಿಮ್ಮ ಸಂಬಳ ಭಾವ?"

"ಅದು ಪ್ರತಿ ವರ್ಷ ಏರುತ್ತೆ. ಬೆಲೆ ಏರಿದ ಹಾಗೆ ತುಟ್ಟಿಭತ್ಯೆ ಕೊಡ್ತಾರೆ" ಅಂದ ಷಡ್ಡಕ, ಎರಡನೇ ಸಲ ಬಡಿಸಿಕೊಳ್ಳುತ್ತ.

ಮರುದಿನ ಕ್ಷೌರಿಕ ಸ್ಟೇಷನ್ನಿಗೆ ಹೋಗಿ ದೂರಿನ ಪೆಟ್ಟಿಗೆಯಲ್ಲಿ ಒಂದು ಚೀಟಿ ಹಾಕಿದ. ‘ದಯವಿಟ್ಟು ದರ ಏರಿಸಿ. ತಡೆಯೋಕೆ ಆಗ್ತಿಲ್ಲ.’ ಯಾರೋ ಕುಹಕಕ್ಕೆ ಬರೆದಿದ್ದಾರೆಂದು ಸ್ಟೇಷನ್ನಿನವರು ಅದನ್ನು ಟೀ ಕುಡಿಯುವ ಕೋಣೆಯ ಗೋಡೆಗೆ ಅಂಟಿಸಿ ಒಂದು ವಾರ ನಕ್ಕರು. ಅವನು ಇನ್ನೊಂದು ಚೀಟಿ ಹಾಕಿದ. ಅದನ್ನೂ ಅಂಟಿಸಿದರು.

ಅಷ್ಟರಲ್ಲಿ, ದೇವರು ಕಣ್ಣು ಬಿಟ್ಟ ಹಾಗೆ, ದರ ಬದಲಾಯಿಸುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಪಟ್ಟಣದ ಸಭಾಂಗಣದಲ್ಲಿ ಸಭೆ ಇದೆ ಎಂದು ನೋಟಿಸು ಬಂತು. ಕ್ಷೌರಿಕ ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ರೈಲು ಹತ್ತಿದ.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ದರ ಸಮಿತಿಯ ಅಧ್ಯಕ್ಷರು ಒಂದು ನೀರಿನ ಲೋಟದ ಹಿಂದೆ ಅಡಗಿಕೊಂಡವರಂತೆ ಕೂತಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ಅವರ ನೀರಿಳಿಸುತ್ತಿದ್ದರು. ಬಡವರ ಹೊಟ್ಟೆ, ಸೀಟಿನ ಹರುಕು, ಕಕ್ಕಸಿನ ನಾತ ಎಲ್ಲ ಬಂದು ಹೋಯಿತು. ದರ ಏರಿಸಿದರೆ ಹಳಿಯ ಮೇಲೆ ಮಲಗುತ್ತೇವೆ ಅಂದ ಒಬ್ಬ. ಆಮೇಲೆ ಕ್ಷೌರಿಕನ ಸರದಿ ಬಂತು.

"ದರ ಏರಿಸಿ ಸ್ವಾಮಿ" ಅಂದ ಅವನು.

ಸಭೆ ಒಂದು ಕ್ಷಣ ತಪ್ಪು ಕೇಳಿಸಿತೇನೋ ಅಂದುಕೊಂಡಿತು.

"ಏನಂದಿರಿ?" ಅಧ್ಯಕ್ಷರು ಲೋಟ ಪಕ್ಕಕ್ಕೆ ಸರಿಸಿದರು.

"ಏರಿಸಿ. ಸಣ್ಣದಾಗಿ ಏರಿಸಿದ್ರೆ ಸಾಲದು. ಹನ್ನೆರಡು ವರ್ಷದ್ದು ಬಾಕಿ ಇದೆ. ಬ್ರೆಡ್ಡಿನ ಲೆಕ್ಕದಲ್ಲಿ ನಾಲ್ಕು ಪಟ್ಟು ಆಗಬೇಕು."

ಗದ್ದಲ ಎದ್ದಿತು. ಇವನು ರೈಲಿನವರು ಬಾಡಿಗೆಗೆ ತಂದ ಮನುಷ್ಯ ಅಂದರು. ಹಿಂದಿನ ಸಾಲಿನಿಂದ ಒಂದು ಟೋಪಿ ಹಾರಿ ಬಂದು ಅವನ ಎದೆಗೆ ಬಿತ್ತು. ಟೋಪಿ ಕಳೆದುಕೊಂಡವನ ತಲೆ ನೋಡಿದ ಕ್ಷೌರಿಕ, ಅದು ತಾನೇ ಮೊನ್ನೆ ಕಟಿಂಗ್ ಮಾಡಿದ್ದು ಎಂದು ಗುರುತಿಸಿದ. ಸುತ್ತ ಕಣ್ಣಾಡಿಸಿದ. ಸಭೆಯಲ್ಲಿದ್ದ ಅರ್ಧಕ್ಕರ್ಧ ತಲೆಗಳು ಅವನವೇ.

"ಇವರೆಲ್ಲ ನನ್ನ ಗಿರಾಕಿಗಳು ಸ್ವಾಮಿ" ಅಂದ ಅವನು ಟೋಪಿಯನ್ನು ಮರ್ಯಾದೆಯಿಂದ ಹಿಂದಿರುಗಿಸುತ್ತ. "ಇವರ ತಲೆ ಬೋಳಿಸೋಕೆ ನಾನು ಬಂದಿಲ್ಲ. ನನ್ನ ಬೋರ್ಡಿನಲ್ಲಿ ರೈಲಿಗೆಷ್ಟೋ ತಲೆಗಷ್ಟೇ ಅಂತಿದೆ. ನೀವು ಏರಿಸದ ಹೊರತು ನಾನು ಏರಿಸೋ ಹಾಗಿಲ್ಲ."

ಅಧ್ಯಕ್ಷರ ಕಣ್ಣು ತೇವವಾಯಿತು. ತಮ್ಮ ಇಡೀ ನೌಕರಿಯಲ್ಲಿ ದರ ಏರಿಸಿ ಎಂದು ಬೇಡಿಕೊಂಡ ಪ್ರಯಾಣಿಕನನ್ನು ಅವರು ಕಂಡಿರಲಿಲ್ಲ. ಕೆಳಗಿಳಿದು ಬಂದು ಕ್ಷೌರಿಕನ ಕೈ ಹಿಡಿದುಕೊಂಡರು, ಬಿಡಲಿಲ್ಲ. ಅದೇ ಹೊತ್ತಿಗೆ ಯಾರೋ ಫೋಟೋ ತೆಗೆದರು. ಮಾರನೇ ದಿನದ ಪತ್ರಿಕೆಯಲ್ಲಿ ಆ ಫೋಟೋ ಬಂತು, ಕೆಳಗೆ ‘ದರ ಏರಿಕೆಗೆ ಪ್ರಯಾಣಿಕರ ಸ್ವಾಗತ’ ಅಂತ ಇತ್ತು.

ಎರಡು ವಾರ ಅಂಗಡಿಗೆ ನರಪಿಳ್ಳೆಯೂ ಬರಲಿಲ್ಲ. ಗಿರಾಕಿ ಇಲ್ಲದ್ದರಿಂದ ನಷ್ಟವೂ ಇಲ್ಲದೆ, ಹನ್ನೆರಡು ವರ್ಷದಲ್ಲಿ ಅಷ್ಟು ಒಳ್ಳೆಯ ಎರಡು ವಾರಗಳನ್ನು ಕ್ಷೌರಿಕ ಕಂಡಿರಲಿಲ್ಲ. ಆದರೆ ಖಾಲಿ ಬೆಂಚಿನ ಮೇಲೆ ಒಬ್ಬಳೇ ಕೂತ ಅತ್ತೆಯ ಮುಖ ನೋಡಲು ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಕೊನೆಗೆ ರೈಲಿನವರ ತೀರ್ಮಾನ ಬಂತು. ಏರಿಸಿದರೆ ಜನ ಬೈಯುತ್ತಾರೆ, ಬಿಟ್ಟರೆ ಖಜಾನೆ ಬೈಯುತ್ತದೆ ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಬೆಳಿಗ್ಗೆ ಹತ್ತರ ತನಕ ಮತ್ತು ಸಂಜೆ ಐದರ ಮೇಲೆ ದರ ಮೂರು ಪಟ್ಟು. ನಡು ಹಗಲಿನಲ್ಲಿ ಹಳೆಯದೇ.

ಅತ್ತೆ ಬೋರ್ಡಿನ ಕಡೆ ಬೆರಳು ತೋರಿಸಿದಳು. "ರೈಲಿಗೆಷ್ಟೋ ಅಷ್ಟೇ."

ಹಾಗಾಗಿ ಅಂಗಡಿಯೂ ಗಡಿಯಾರ ನೋಡಿ ನಡೆಯತೊಡಗಿತು. ಬೆಳಿಗ್ಗೆ ಕುರ್ಚಿಯ ಹತ್ತಿರ ಒಂದು ನೊಣವೂ ಬರುತ್ತಿರಲಿಲ್ಲ. ಹಳೆಯ ದರಕ್ಕೆ ಕೋಪ ಮರೆತ ಗಿರಾಕಿಗಳು ಒಂಬತ್ತಕ್ಕೇ ಬಂದು ಬೆಂಚಿನ ಮೇಲೆ ಕೂತು ಹತ್ತು ಹೊಡೆಯುವುದನ್ನೇ ಕಾಯುತ್ತಿದ್ದರು. ಹೊಡೆದ ಕೂಡಲೇ ಇರುವ ಎರಡು ಕುರ್ಚಿಗೆ ಹದಿನಾಲ್ಕು ಜನ ನುಗ್ಗುತ್ತಿದ್ದರು. ಒಮ್ಮೆ ಐದಕ್ಕೆ ಸ್ವಲ್ಪ ಮುಂಚೆ ಕುರ್ಚಿ ಏರಿದ ಒಬ್ಬನ ಅರ್ಧ ತಲೆ ಮುಗಿಯುವಾಗ ಐದು ಹೊಡೆಯಿತು. ಹತ್ತುವ ಹೊತ್ತಿನ ದರವೋ ಇಳಿಯುವ ಹೊತ್ತಿನ ದರವೋ ಎಂದು ಜಗಳ ಹತ್ತಿಕೊಂಡಿತು. ತೀರ್ಪಿಗೆ ಎದುರಿನ ಕೌಂಟರಿನಿಂದ ಷಡ್ಡಕನನ್ನು ಕರೆಸಬೇಕಾಯಿತು. ಹತ್ತುವ ಹೊತ್ತಿನದು ಅಂದ ಅವನು. ಅವತ್ತಿನಿಂದ ಐದಕ್ಕೆ ಸ್ವಲ್ಪ ಮುಂಚೆ ಕುರ್ಚಿಯ ಕೈ ಮೇಲೆಲ್ಲ ಜನ ಕೂರಲು ಶುರು ಮಾಡಿದರು.

ಇದೆಲ್ಲದರ ಮೇಲೆ ಒಬ್ಬ ವಕೀಲರ ಗುಮಾಸ್ತ ಬಂದ. ರೈಲಿನವರ ಹೊಸ ಕರಪತ್ರವನ್ನು ಹಿಂದು ಮುಂದು ಓದಿದವನು ಇಡೀ ಊರಿನಲ್ಲಿ ಅವನೊಬ್ಬನೇ.

"ನನಗೊಂದು ತಿಂಗಳ ಪಾಸು ಕೊಡಿ" ಅಂದ.

"ಅದು ಎದುರಿಗೆ, ಕೌಂಟರಿನಲ್ಲಿ."

"ರೈಲಿನ ಪಾಸಲ್ಲ. ಕಟಿಂಗಿನದು. ರೈಲಿಗೆಷ್ಟೋ ಅಷ್ಟೇ ಅಂತೀರಿ. ಅಲ್ಲಿ ಪಾಸು ತಗೊಂಡವನು ತಿಂಗಳಿಡೀ ಎಷ್ಟು ಸಲ ಬೇಕಾದ್ರೂ ಓಡಾಡಬಹುದು."

ಕ್ಷೌರಿಕ ಅತ್ತೆಯ ಮುಖ ನೋಡಿದ. ಅತ್ತೆ ಬಹಳ ಹೊತ್ತು ಯೋಚಿಸಿ, "ಅವರು ಹೇಳೋದು ಸರಿ" ಅಂದಳು.

ಗುಮಾಸ್ತ ದಿನವೂ ಬಂದ. ಬೆಳಿಗ್ಗೆ ಕಿವಿಯ ಹಿಂದೆ ಒಂದು ಕತ್ತರಿ, ಸಂಜೆ ಕತ್ತಿನ ಹತ್ತಿರ ಒಂದು ಕತ್ತರಿ. ಕತ್ತರಿಸಲು ಏನೂ ಉಳಿಯದಿದ್ದಾಗ ಸುಮ್ಮನೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, "ಪಾಸು ಇದೆ" ಅನ್ನುತ್ತಿದ್ದ. ಅವನನ್ನು ನೋಡಿ ಇನ್ನೂ ಆರು ಜನ ಪಾಸು ಮಾಡಿಸಿದರು. ಮುದುಕರು ಅರ್ಧ ಟಿಕೆಟ್ ಕೇಳಿದರು. ಐದು ವರ್ಷದೊಳಗಿನ ಮಕ್ಕಳಿಗೆ ಬಿಟ್ಟಿ ಎಂದು ತಾಯಂದಿರು ಕಂಕುಳಲ್ಲೊಂದು ಕೈಯಲ್ಲೊಂದು ಹಿಡಿದು ತಂದರು. ಕ್ಷೌರಿಕನ ಬಲಗೈ ಹೆಬ್ಬೆರಳು ಬಾತುಕೊಂಡು ಕತ್ತರಿಯ ಉಂಗುರದೊಳಗೆ ಹೋಗದಾಯಿತು.

ಅವನ ಹೆಂಡತಿ ಒಂದು ಸಂಜೆ ಬ್ರೆಡ್ಡಿನ ಅಂಗಡಿಯಿಂದ ಬಂದವಳು ಗಂಡನ ಹೆಬ್ಬೆರಳು ನೋಡಿ, ನೇರ ಮಹಡಿ ಹತ್ತಿದಳು. ಗಂಡ ಬೇಡ ಅಂದಿದ್ದನಲ್ಲ, ನಷ್ಟದ ಸುದ್ದಿ ಎತ್ತಲಿಲ್ಲ. ಬೇರೆ ಹಾದಿ ಹಿಡಿದಳು.

"ಅಮ್ಮ, ರೈಲಿನಲ್ಲಿ ರಿಯಾಯಿತಿ ಮಾತ್ರ ಇರುತ್ತಾ?"

"ಇನ್ನೇನಿರುತ್ತೆ?"

"ಲಗೇಜಿಗೆ ದುಡ್ಡಿದೆ. ಮುಂಗಡ ಸೀಟಿಗೆ ದುಡ್ಡಿದೆ. ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತರೂ ದುಡ್ಡಿದೆ. ಬೋರ್ಡು ಅಂದ್ರೆ ಪೂರ್ತಿ ಬೋರ್ಡು ತಾನೇ?"

ಅತ್ತೆ ಗುಮಾಸ್ತನ ಕರಪತ್ರವನ್ನು ತರಿಸಿಕೊಂಡು, ಕನ್ನಡಕ ಏರಿಸಿ, ಒಂದಿಡೀ ಮಧ್ಯಾಹ್ನ ಓದಿದಳು. ಮರುದಿನ ಹೆಣಿಗೆ ಬಿಟ್ಟು ಬಾಗಿಲಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಳು. ಕೈಯಲ್ಲಿ ಕಾಗದಕ್ಕೆ ತೂತು ಹೊಡೆಯುವ ಯಂತ್ರ, ಕತ್ತಿನಲ್ಲಿ ಒಂದು ಸೀಟಿ.

ಬೆಂಚಿನ ಮೇಲೆ ಕಾಯುವವರಿಗೆ ಪ್ಲಾಟ್‌ಫಾರ್ಮ್ ಟಿಕೆಟ್. ದೊಡ್ಡ ಕನ್ನಡಿಯ ಮುಂದಿನ ಕುರ್ಚಿಗೆ ಮುಂಗಡ ಶುಲ್ಕ. ಗಡ್ಡ ಲಗೇಜು. ಮೀಸೆ ಕೈಚೀಲದ ಲೆಕ್ಕ, ಬಿಟ್ಟಿ. ಕಟಿಂಗ್ ಆಗುವಾಗ ನಿದ್ದೆ ಹೋದವರಿಗೆ ಮಲಗುವ ಬರ್ತಿನ ದರ. ಗುಮಾಸ್ತ ಪಾಸು ತೋರಿಸಿ ಒಳಗೆ ಹೋಗಿ ಎಂದಿನ ಹಾಗೆ ಕಣ್ಣು ಮುಚ್ಚಿದ್ದೇ ತಡ, ಅತ್ತೆ ಹಿಂದಿನಿಂದ ಬಂದು ಸೀಟಿ ಊದಿದಳು.

"ಬರ್ತು" ಅಂದಳು.

"ನಾನು ಮಲಗಿಲ್ಲ, ಯೋಚನೆ ಮಾಡ್ತಿದ್ದೆ."

"ಗೊರಕೆ ಹೊಡೆದು ಯೋಚನೆ ಮಾಡೋರನ್ನ ನಾನು ನಲವತ್ತು ವರ್ಷ ನೋಡಿದ್ದೀನಿ. ಕಟ್ಟಿ."

ಗುಮಾಸ್ತ ಕರಪತ್ರ ತಿರುವಿ ನೋಡಿ, ಬಾಯಿ ಮುಚ್ಚಿಕೊಂಡು ಕಟ್ಟಿದ. ಕ್ಷೌರಿಕ ಕತ್ತರಿ ಹಿಡಿದು ಮೂಲೆಯಲ್ಲಿ ಕಲ್ಲಿನಂತೆ ನಿಂತಿದ್ದ. ಅತ್ತೆಯನ್ನು ಅವನು ಹೀಗೆ ನೋಡಿದ್ದು ಇದೇ ಮೊದಲು. ದುಡ್ಡೇನೋ ಬರತೊಡಗಿತು, ಆದರೆ ಒಂದು ತಲೆ ಮುಗಿಯುವಷ್ಟರಲ್ಲಿ ನಾಲ್ಕು ವಾದ, ಎರಡು ಜಗಳ, ಒಂದು ಮೇಲ್ಮನವಿ.

ಹೀಗಿರುವಾಗ ಶಾಲೆಯ ಡ್ರಿಲ್ ಮೇಷ್ಟ್ರು ಬಂದರು. ಎದೆಯ ಅರ್ಧ ಮುಚ್ಚುವಷ್ಟು ಗಡ್ಡ. ಕವಾಯತಿನ ನಡಿಗೆಯಲ್ಲಿ ಬಾಗಿಲಿಗೆ ಬಂದು ನಿಂತರು.

"ಲಗೇಜು" ಅಂದಳು ಅತ್ತೆ ತಲೆ ಎತ್ತದೆ.

"ಎಷ್ಟು?"

"ತೂಕದ ಮೇಲೆ. ಇದು ಭಾರಿ ಇದೆ."

"ಕೈಯಲ್ಲಿ ಹಿಡಿದುಕೊಂಡು ಹೋಗೋ ಸಾಮಾನಿಗೆ ಲಗೇಜು ಇಲ್ಲ ಅಂತ ನಿಯಮದಲ್ಲಿ ಇದೆಯಲ್ಲ?"

"ಇದೆ."

ಮೇಷ್ಟ್ರು ಗಂಭೀರವಾಗಿ ಎರಡೂ ಕೈಯಿಂದ ತಮ್ಮ ಗಡ್ಡವನ್ನು ಗಂಟಿನಂತೆ ಎತ್ತಿ ಹಿಡಿದುಕೊಂಡು, "ಹಾಗಾದ್ರೆ ದಾರಿ ಬಿಡಿ" ಅಂದರು.

ಅತ್ತೆ ಅವರನ್ನೇ ನೋಡಿದಳು. ತುಟಿ ಬಿಗಿ ಹಿಡಿದಳು. ಆಮೇಲೆ ಹೊಟ್ಟೆಯೊಳಗಿನಿಂದ ಎದ್ದ ನಗು ಸೀಟಿಯೊಳಗೆ ನುಗ್ಗಿ ಅದು ಉದ್ದಕ್ಕೆ ಕೂಗಿಕೊಂಡಿತು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಜನ ಗಡಿಬಿಡಿಯಿಂದ ಹೊರಡದ ರೈಲು ಹತ್ತಿದರು. ಅತ್ತೆ ಸ್ಟೂಲಿನ ಮೇಲೆ ಕೂರಲಾರದೆ ಗೋಡೆ ಹಿಡಿದುಕೊಂಡಳು. ಮೇಷ್ಟ್ರು ಗಡ್ಡ ಹಿಡಿದುಕೊಂಡೇ ಒಳಗೆ ಹೋಗಿ ಕೂತರು, ಕತ್ತರಿ ಹಾಕಲು ಕೈ ಬಿಡಿ ಎಂದು ಕ್ಷೌರಿಕ ಎರಡು ಸಲ ಹೇಳಬೇಕಾಯಿತು.

ಮೇಷ್ಟ್ರು ಹೋದ ಮೇಲೆ ಅತ್ತೆ ಬಾಗಿಲು ಅರ್ಧ ಎಳೆದು, ಕಣ್ಣೊರೆಸಿಕೊಂಡು, "ಅಳಿಯಂದ್ರೇ, ಇಷ್ಟೆಲ್ಲ ಒದ್ದಾಟ ಯಾಕೆ ನಿಮಗೆ? ಅಂಗಡಿ ತುಂಬಿ ತುಳುಕ್ತಾ ಇತ್ತಲ್ಲ. ಸಭೆಗೆ ಬೇರೆ ಹೋಗಿ ಬೈಸಿಕೊಂಡು ಬಂದ್ರಿ" ಅಂದಳು.

ಕ್ಷೌರಿಕ ಬ್ರಷ್ ತೊಳೆಯುತ್ತಿದ್ದ. ತಿರುಗದೆಯೇ, "ನಷ್ಟ ಆಗ್ತಿದೆ ಅತ್ತೆ" ಅಂದ.

"ಯಾವಾಗಿಂದ?"

"ಮೂರನೇ ವರ್ಷದಿಂದ."

ಅತ್ತೆ ಸೀಟಿಯನ್ನು ಕತ್ತಿನಿಂದ ತೆಗೆದಳು. "ಮತ್ತೆ ಮನೆ?"

"ನಿಮ್ಮ ಮಗಳ ಸಂಬಳ."

"ನನಗ್ಯಾಕೆ ಹೇಳಲಿಲ್ಲ?"

"ಕೇಳಿದ್ನಲ್ಲ ಅತ್ತೆ."

"ನೀವು ಕೇಳಿದ್ದು ದರ ಏರಿಸೋಣವಾ ಅಂತ. ನಷ್ಟ ಅಂತ ಯಾವಾಗ ಅಂದ್ರಿ? ಎದುರಿಗೆ ಹನ್ನೆರಡು ಜನ ಕೂತಿರೋವಾಗ ದರ ಏರಿಸೋಣ ಅಂದ್ರೆ ನಾನು ಏನಂದುಕೊಳ್ಳಲಿ?" ಅವಳ ದನಿ ಸ್ವಲ್ಪ ಏರಿತು, ಮತ್ತೆ ಇಳಿಯಿತು. "ಅವರು ಇದ್ದಿದ್ರೆ ಮೊದಲನೇ ತಿಂಗಳಿಗೇ ಈ ತಗಡು ಕಿತ್ತು ಒಲೆಗೆ ಅಡ್ಡ ಇಡ್ತಿದ್ರು. ಬೋರ್ಡು ಬರೆಸಿದ್ದೇ ಲಾಭಕ್ಕೆ. ಮಾತಿಗೆ ಅಂತ ನಷ್ಟ ಮಾಡಿಕೊಳ್ಳೋ ಪೈಕಿ ಅಲ್ಲ ಅವರು."

"ನೀವೇ ಅಂದ್ರಿ, ಅದು ಅವರ ಮಾತು ಅಂತ."

"ಅವರ ನೆನಪಿಗೆ ಒಂದು ತಗಡು ಇರಲಿ ಅಂದೆ ಅಷ್ಟೇ. ಅದಕ್ಕೆ ನೀವು ನನ್ನ ಮಗಳ ಸಂಬಳ ಮೊಳೆ ಹೊಡೆದು ನೇತು ಹಾಕ್ತೀರಿ ಅಂತ ನನಗೇನು ಗೊತ್ತು?"

ಆಮೇಲೆ ಅತ್ತೆ ಕುರ್ಚಿಯೊಂದನ್ನು ಬಾಗಿಲಿಗೆ ಎಳೆದು ಹಿಡಿದುಕೊಂಡಳು, ಅಳಿಯ ಹತ್ತಿ ತಗಡು ಬಿಚ್ಚಿದ. ತಗಡಿನ ಹಿಂದೆ ಗುಬ್ಬಿಗಳ ಗೂಡಿತ್ತು. ಗುಬ್ಬಿಗಳಿಗೆ ತೊಂದರೆ ಆಗುತ್ತದೆಂದು ಅವಳು ಮತ್ತೆ ಅಲ್ಲೇ, ಬರಹದ ಮುಖ ಗೋಡೆಯ ಕಡೆಗೆ ಮಾಡಿ, ಸಿಕ್ಕಿಸಲು ಹೇಳಿದಳು.

ದರ ಎಷ್ಟಿರಬೇಕು ಎಂದು ಆ ಭಾನುವಾರ ಊಟದ ಹೊತ್ತಿಗೆ ಚರ್ಚೆ ನಡೆಯಿತು. ಬ್ಲೇಡು, ಸೋಪು, ಪೌಡರು, ಹೆಬ್ಬೆರಳು ಎಲ್ಲ ಲೆಕ್ಕ ಹಾಕಿ ಹೆಂಡತಿ ಒಂದು ಅಂಕಿ ಹೇಳಿದಳು. ಜಾಸ್ತಿಯಾಯಿತು ಅಂದ ಷಡ್ಡಕ. ನಿಮಗೆ ತುಟ್ಟಿಭತ್ಯೆ ಇದೆಯಲ್ಲ ಭಾವ ಅಂದಳು ಅವಳು. ಅವನು ಮತ್ತೆ ಬಡಿಸಿಕೊಳ್ಳಲಿಲ್ಲ.

ಪಾಸಿನವರ ಪಾಸು ತಿಂಗಳ ಕೊನೆಗೆ ಮುಗಿಯಿತು. ಪಟ್ಟಣದವರು ಬರುವುದು ನಿಂತಿತು. ಊರಿನವರು ಒಂದಷ್ಟು ದಿನ ಗೊಣಗಿ, ಕೂದಲು ಕಿವಿ ಮುಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಬಂದರು. ಕನ್ನಡಿಯ ಮೇಲೆ ಎರಡನೇ ದೀಪ ಬಂತು. ಪೌಡರ್ ಡಬ್ಬಿಯ ತೂತಿನ ಮೇಣವನ್ನು ಕ್ಷೌರಿಕ ಸೂಜಿಯಿಂದ ತೆಗೆದ. ಮೊದಲ ಗಿರಾಕಿಯ ಕತ್ತಿಗೆ ಹಳೆಯ ಅಭ್ಯಾಸದಲ್ಲೇ ಜೋರಾಗಿ ಕುಟ್ಟಿದ್ದರಿಂದ ಆತ ಹಿಟ್ಟಿನ ಗಿರಣಿಯಿಂದ ಬಂದವನಂತೆ ಮನೆಗೆ ಹೋದ.

ಕೆಲವು ತಿಂಗಳ ಮೇಲೆ ಬ್ಲೇಡಿನ ಬೆಲೆ ಮತ್ತೆ ಏರಿತು. ಈ ಸಲ ಕ್ಷೌರಿಕ ತಡ ಮಾಡಲಿಲ್ಲ. ಒಬ್ಬ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿದವನು ಹಾಗೇ ಅವನನ್ನು ಬಿಟ್ಟು ಮಹಡಿ ಹತ್ತಿದ. ಮೆಟ್ಟಿಲ ಮೇಲೆ ಮಾತನ್ನು ಎರಡು ಸಲ ಜೋಡಿಸಿಕೊಂಡ. ಅತ್ತೆ ಕಿಟಕಿಯ ಹತ್ತಿರ ಹೆಣಿಗೆ ಹಿಡಿದು ಕೂತಿದ್ದಳು.

"ಅತ್ತೆ, ಬ್ಲೇಡು ಏರಿದೆ. ಹೀಗೇ ಬಿಟ್ಟರೆ ನಷ್ಟ ಆಗುತ್ತೆ. ದರ ಸ್ವಲ್ಪ ಏರಿಸ್ತೀನಿ."

"ಏರಿಸಿ" ಅಂದಳು ಅತ್ತೆ. "ಅದಕ್ಕೆ ಮೇಲೆ ಯಾಕೆ ಬಂದ್ರಿ? ಹೋಗೋವಾಗ ಬಾಗಿಲು ಹಾಕ್ಕೊಂಡು ಹೋಗಿ, ಗಾಳಿ ಬರುತ್ತೆ."

ಅವನು ಬಾಗಿಲು ಹಾಕಿಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತ. ಕೆಳಗಿನಿಂದ, ನೊರೆ ಒಣಗುತ್ತಿದೆ ಎಂದು ಯಾರೋ ಕರೆಯುತ್ತಿದ್ದರು.